ಸರ್, ಬ್ಯಾಗ್ ಮೇಲಿಡಿ

ಏಳೆಂಟು ವರ್ಷದ ಹಿಂದಿನ ಮಾತು. ಬೆಳಗ್ಗೆ ಆರರ ಫ್ಲೈಟು, ಬೆಂಗಳೂರಿನಿಂದ ದೆಹಲಿಗೆ. ಆರರ ಫ್ಲೈಟು ಅಂದ್ರೆ ಏನು ಅಂತ ನಿಮಗೆ ಗೊತ್ತೇ ಇದೆ. ಮೂರು ಗಂಟೆಗೆ ಕ್ಯಾಬು, ಹೆಬ್ಬಾಳ ದಾಟುವಷ್ಟರಲ್ಲಿ ಅರ್ಧ ನಿದ್ದೆ, ಸೆಕ್ಯುರಿಟಿಯಲ್ಲಿ ಬೆಲ್ಟು ಬಿಚ್ಚೋದು, ಬೆಲ್ಟು ಹಾಕೋದು. ಹನ್ನೊಂದಕ್ಕೆ ಕ್ಲೈಂಟ್ ಮೀಟಿಂಗು, ಪ್ರೆಸೆಂಟೇಶನ್ ಇನ್ನೂ ಮುಗಿದಿರಲಿಲ್ಲ. ಕಾಲು ಚಾಚೋಕೆ ಜಾಗ ಇರಲಿ ಅಂತ ಹೆಚ್ಚಿಗೆ ದುಡ್ಡು ಕೊಟ್ಟು ಎಮರ್ಜೆನ್ಸಿ ಎಕ್ಸಿಟ್ ಪಕ್ಕದ ಸಾಲಿನಲ್ಲಿ ಸೀಟು ಹಿಡಿದಿದ್ದೆ. ಲ್ಯಾಪ್‌ಟಾಪ್ ಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡು ಕಣ್ಣು ಮುಚ್ಚಿದೆ.

"ಸರ್, ಬ್ಯಾಗ್ ಮೇಲಿಡಿ."

ಕಣ್ಣು ಬಿಟ್ಟರೆ ಗಗನಸಖಿ. ನಗುತ್ತಿದ್ದರು. ಟೇಕಾಫ್ ಆದ ತಕ್ಷಣ ಬೇಕಾಗುತ್ತೆ, ಇಲ್ಲೇ ಇರ್ಲಿ ಅಂದೆ. ಈ ಸಾಲಿನಲ್ಲಿ ಕೆಳಗೆ ಇಡೋ ಹಾಗಿಲ್ಲ ಸರ್ ಅಂದರು, ಅದೇ ನಗು. ಸಣ್ಣ ಬ್ಯಾಗು, ಯಾರಿಗೂ ತೊಂದರೆ ಇಲ್ಲ ಅಂದೆ. ಮೂರನೇ ಸಲವೂ ಅದೇ ವಾಕ್ಯ, ಅದೇ ನಗು. ಆಗ ನಾನು ಆಡಿದ ಮಾತು ಈಗಲೂ ಕಿವಿಯಲ್ಲಿದೆ: "ಈ ಜಾಗಕ್ಕೆ ನಾನು ಎಕ್ಸ್‌ಟ್ರಾ ದುಡ್ಡು ಕೊಟ್ಟಿದ್ದೀನಿ."

ನಾಲ್ಕನೇ ಸಲ ನಗು ಇರಲಿಲ್ಲ. "ಬ್ಯಾಗ್ ಮೇಲೆ ಹೋಗಬೇಕು, ಇಲ್ಲಾಂದ್ರೆ ನೀವು ಬೇರೆ ಸೀಟಿಗೆ ಹೋಗಬೇಕು. ನೀವು ಡಿಸೈಡ್ ಮಾಡಿ." ಸುತ್ತಲಿನ ತಲೆಗಳು ತಿರುಗಿದವು. ಬ್ಯಾಗ್ ಮೇಲಿಟ್ಟೆ. ಆದರೆ ಮೈಯೆಲ್ಲ ಉರಿಯುತ್ತಿತ್ತು. ಎರಡೂವರೆ ಗಂಟೆ ಪ್ರೆಸೆಂಟೇಶನ್ ಮುಟ್ಟಲಿಲ್ಲ. ಆಕೆಯ ಹೆಸರಿನ ಬಿಲ್ಲೆ ನೋಡಿಕೊಂಡು, ಕಸ್ಟಮರ್ ಕೇರ್‌ಗೆ ಒಂದು ಇಮೇಲ್ ಬರೆದೆ. ಒರಟು ವರ್ತನೆ, ಎಲ್ಲರೆದುರು ಅವಮಾನ, ಹೀಗೆ ಮೂರು ಪ್ಯಾರಾ. ದೆಹಲಿಯಲ್ಲಿ ಇಳಿದ ತಕ್ಷಣ ಕಳಿಸಿದೆ.

ನಾಲ್ಕು ದಿನಕ್ಕೆ ಉತ್ತರ ಬಂತು. ಕ್ಷಮಾಪಣೆ, ಜೊತೆಗೆ ಸಾವಿರ ರೂಪಾಯಿಯ ವೋಚರು. ಸಂಬಂಧಪಟ್ಟ ಸಿಬ್ಬಂದಿಯ ಜೊತೆ ಮಾತಾಡುತ್ತೇವೆ ಅಂತಲೂ ಇತ್ತು. ಆ ವೋಚರಿನಲ್ಲಿ ಗೋವಾಗೆ ಹೋಗಿ ಬಂದೆ.

ಈ ಲೇಖನ ಹುಟ್ಟಿದ್ದು ಒಂದು ಸಣ್ಣ ಪ್ರಶ್ನೆಯಿಂದ. ಆಕೆಯ ಜೊತೆ ಅಷ್ಟು ಜಗಳ ಆಡಿದ ನಾನು, ಬಿಎಂಟಿಸಿ ಕಂಡಕ್ಟರ್ ಜೊತೆ ಯಾವತ್ತಾದರೂ ಆಡಿದ್ದೇನಾ? ಚಿಲ್ಲರೆಗೆ ಆಡಿರಬಹುದು. ಆದರೆ "ಫುಟ್‌ಬೋರ್ಡ್ ಮೇಲೆ ನಿಲ್ಬೇಡ್ರೀ, ಒಳಗ್ ನಡೀರೀ" ಅಂದಾಗ ಒಳಗೆ ನಡೆದಿದ್ದೇನೆ. ಸರ್ ಅನ್ನಲಿಲ್ಲ ಅಂತ ಕೇಂದ್ರ ಕಚೇರಿಗೆ ಪತ್ರ ಬರೆದಿಲ್ಲ. ಬಸ್ಸಿನಲ್ಲಿ ಆತನ ಸೀಟಿನ ಮೇಲೆ ಬರೆದಿರುವ ಪದ ನೋಡಿ: ನಿರ್ವಾಹಕ. ನಡೆಸುವವನು. ವಿಮಾನದಲ್ಲಿರುವವರಿಗೆ ನಮ್ಮ ಪತ್ರಿಕೆಗಳು ಕೊಟ್ಟ ಹೆಸರು ಗಗನಸಖಿ. ಸಖಿ ಅಂದರೆ ನಾಟಕಗಳಲ್ಲಿ ರಾಣಿಯ ಪಕ್ಕ ಚಾಮರ ಹಿಡಿದು ನಿಲ್ಲುವವಳು. ಪದದಲ್ಲಿ ಸ್ನೇಹ ಇದೆ, ಸೇವೆ ಇದೆ. ಅಧಿಕಾರ ಎಲ್ಲಿದೆ?

ಇದನ್ನು ಹುಡುಕುತ್ತ ಹೋದರೆ ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತೆ.

ಜಗತ್ತಿನ ಮೊದಲ ವಿಮಾನ ಪರಿಚಾರಕ ಹೆಣ್ಣಲ್ಲ, ಗಂಡು. ಕೆಲಸ ಮಾಡಿದ್ದು ವಿಮಾನದಲ್ಲೂ ಅಲ್ಲ, ಜೆಪ್ಪೆಲಿನ್ ಅನ್ನೋ ಭಾರೀ ವಾಯುನೌಕೆಯಲ್ಲಿ. ಹೆಸರು ಹೈನ್ರಿಚ್ ಕುಬಿಸ್, ಜರ್ಮನಿಯವನು, ಕೆಲಸಕ್ಕೆ ಸೇರಿದ್ದು 1912ರಲ್ಲಿ. ಅದಕ್ಕೂ ಮುಂಚೆ ದೊಡ್ಡ ಹೋಟೆಲುಗಳಲ್ಲಿ ವೇಟರ್ ಆಗಿದ್ದ. ಆಕಾಶದಲ್ಲೂ ಅದೇ ಕೆಲಸ: ಊಟ ಬಡಿಸೋದು, ವೈನ್ ಸುರಿಯೋದು. 1937ರ ಮೇ 6ರಂದು ಅಮೆರಿಕದಲ್ಲಿ ಇಳಿಯುವಾಗ ಹಿಂಡನ್‌ಬರ್ಗ್ ಹೊತ್ತಿ ಉರಿಯಿತಲ್ಲ, ಆ ಫೋಟೋ ನೀವು ನೋಡೇ ಇರುತ್ತೀರಿ. ಅವತ್ತು ಕುಬಿಸ್ ಡೈನಿಂಗ್ ಹಾಲಿನಲ್ಲಿದ್ದ. ಉರಿಯುವ ನೌಕೆ ನೆಲದ ಹತ್ತಿರ ಬರುವವರೆಗೆ ಕಾದು, ಕಿಟಕಿಯಿಂದ ಹಾರಿ ಅಂತ ಪ್ರಯಾಣಿಕರನ್ನು ಹುರಿದುಂಬಿಸಿ, ಆಮೇಲೆ ತಾನೂ ಹಾರಿ ಬದುಕಿದ.

ಅವತ್ತು ಅಲ್ಲಿದ್ದವರು ಅವನು ವೇಟರ್ ಅಂತ ಮಾತು ಕೇಳದೆ ಇದ್ದಿದ್ದರೆ? ಈ ಉದ್ಯೋಗದ ಇಬ್ಬಂದಿ ಮೊದಲ ಮನುಷ್ಯನಲ್ಲೇ ಇತ್ತು. 25 ವರ್ಷ ಬಡಿಸಿದ, ಒಂದು ನಿಮಿಷ ಆಜ್ಞೆ ಮಾಡಿದ. ಅವನನ್ನು ಅಲ್ಲಿ ಇಟ್ಟುಕೊಂಡಿದ್ದು ಬಡಿಸೋಕೆ. ಜನ ಉಳಿದಿದ್ದು ಆ ಒಂದು ನಿಮಿಷದಿಂದ.

ಹೆಣ್ಣುಮಕ್ಕಳು ಬಂದಿದ್ದು 1930ರಲ್ಲಿ. ಎಲೆನ್ ಚರ್ಚ್ ಅನ್ನೋ ಅಮೆರಿಕದ ನರ್ಸ್‌ಗೆ ವಿಮಾನ ಹಾರಿಸೋದು ಗೊತ್ತಿತ್ತು. ಪೈಲಟ್ ಆಗಬೇಕು ಅನ್ನೋದೇ ಆಕೆಯ ಆಸೆ. ಆ ಕಾಲದಲ್ಲಿ ಹೆಣ್ಣಿಗೆ ಆ ಕೆಲಸ ಯಾರು ಕೊಡ್ತಾರೆ? ಆಗ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪನಿಯವರ ಮುಂದೆ ಇನ್ನೊಂದು ಐಡಿಯಾ ಇಟ್ಟರು: ನರ್ಸ್‌ಗಳನ್ನು ವಿಮಾನಕ್ಕೆ ಹತ್ತಿಸಿ. ಜನಕ್ಕೆ ಹಾರೋದು ಅಂದ್ರೆ ಭಯ. ಎಳೆ ಹುಡುಗಿಯೊಬ್ಬಳು ಆರಾಮಾಗಿ ಓಡಾಡಿಕೊಂಡಿದ್ದರೆ, ಹೆದರಿ ಕೂತ ಗಂಡಸಿಗೆ ನಾಚಿಕೆಯಾದರೂ ಆಗುತ್ತೆ. ಕಂಪನಿಗೆ ಇದು ಹಿಡಿಸಿತು. 1930ರ ಮೇ 15ರಂದು ಚರ್ಚ್ ಓಕ್ಲೆಂಡ್‌ನಿಂದ ಶಿಕಾಗೋ ಕಡೆ ಹೊರಟರು. ಒಟ್ಟು ಎಂಟು ಜನರ ತಂಡ, ಎಲ್ಲರೂ ನರ್ಸ್‌ಗಳು. ಮದುವೆ ಆಗಿರಬಾರದು, ವಯಸ್ಸು 25 ದಾಟಿರಬಾರದು, ಎತ್ತರ ತೂಕಕ್ಕೆ ಮಿತಿ. ಕೆಲಸ? ವಾಂತಿ ಮಾಡಿಕೊಂಡವರ ಆರೈಕೆಯಿಂದ ಹಿಡಿದು, ಸಡಿಲವಾದ ಸೀಟಿನ ಬೋಲ್ಟು ಬಿಗಿಯೋತನಕ ಎಲ್ಲವೂ.

ಗಮನಿಸಿ, ಆಯ್ಕೆಗೆ ಕಾರಣ ವೈದ್ಯಕೀಯ ತರಬೇತಿ. ಆದರೆ ಮಾರಿದ್ದು ಧೈರ್ಯ ಕೊಡುವ ಮುಖವನ್ನು. ಎರಡನೇ ಮಹಾಯುದ್ಧಕ್ಕೆ ನರ್ಸ್‌ಗಳೆಲ್ಲ ಬೇಕಾದಾಗ ಅಮೆರಿಕದ ಕಂಪನಿಗಳು ನರ್ಸಿಂಗ್ ಷರತ್ತು ಕೈಬಿಟ್ಟವು. ಮದುವೆ, ವಯಸ್ಸು, ತೂಕದ ಷರತ್ತುಗಳು ಮಾತ್ರ ಇನ್ನೂ ದಶಕಗಳ ಕಾಲ ಉಳಿದವು.

ಇನ್ನೊಂದು ಕಡೆ ಕಾನೂನು ಬೇರೆಯೇ ದಾರಿಯಲ್ಲಿ ನಡೀತಿತ್ತು. ಒಂದು ದೇಶದ ವಿಮಾನ, ಇನ್ನೊಂದು ದೇಶದ ಪ್ರಯಾಣಿಕ, ಕೆಳಗೆ ಸಮುದ್ರ. ಒಳಗೆ ಯಾರೋ ಯಾರಿಗೋ ಹೊಡೆದರೆ ಯಾರ ಕಾನೂನು? ಇದಕ್ಕೆ ಉತ್ತರವಾಗಿ 1963ರಲ್ಲಿ ಟೋಕಿಯೋ ಒಪ್ಪಂದ ಆಯ್ತು. ವಿಮಾನ ಯಾವ ದೇಶದಲ್ಲಿ ನೋಂದಣಿ ಆಗಿದೆಯೋ ಆ ದೇಶದ ಕಾನೂನು ನಡೆಯುತ್ತೆ ಅಂತ ತೀರ್ಮಾನವಾಯ್ತು. ಜೊತೆಗೆ ಕಮಾಂಡರ್‌ಗೆ, ಅಂದರೆ ಮುಖ್ಯ ಪೈಲಟ್‌ಗೆ, ಭಾರೀ ಅಧಿಕಾರ ಸಿಕ್ಕಿತು. ಸುರಕ್ಷತೆಗೆ ಅಥವಾ ಶಿಸ್ತಿಗೆ ಧಕ್ಕೆ ತರುವವನನ್ನು ಕಟ್ಟಿಹಾಕಬಹುದು, ಮುಂದೆ ಸಿಗುವ ನಿಲ್ದಾಣದಲ್ಲಿ ಇಳಿಸಬಹುದು, ಪೊಲೀಸರ ಕೈಗೆ ಕೊಡಬಹುದು. ಇದನ್ನು ಮಾಡಲು ಸಿಬ್ಬಂದಿಗೆ ಆಜ್ಞೆ ಮಾಡಬಹುದು, ಪ್ರಯಾಣಿಕರ ನೆರವು ಕೇಳಬಹುದು. ಭಾರತ ಇದಕ್ಕೆ 1975ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು.

ಅಂದರೆ ನನ್ನ ಮುಂದೆ ನಿಂತು "ಬ್ಯಾಗ್ ಮೇಲಿಡಿ" ಅಂದವರ ಬೆನ್ನ ಹಿಂದೆ ಕಮಾಂಡರ್ ಇದ್ದರು, ಕಾಯ್ದೆ ಇತ್ತು, ಒಂದು ಅಂತರರಾಷ್ಟ್ರೀಯ ಒಪ್ಪಂದ ಇತ್ತು. ನನಗೆ ಕಂಡಿದ್ದು ಲಿಪ್‌ಸ್ಟಿಕ್ ಮತ್ತು ಸರ್ ಅನ್ನೋ ಪದ.

ತಪ್ಪು ನನ್ನದೊಬ್ಬನದೇ ಅಲ್ಲ ಅಂತ ಸಮಾಧಾನ ಮಾಡಿಕೊಳ್ಳೋಕೆ ಇತಿಹಾಸ ಒಂದಷ್ಟು ಸಾಮಗ್ರಿ ಕೊಡುತ್ತೆ. ಟೋಕಿಯೋ ಒಪ್ಪಂದದ ಕಾಲದಲ್ಲೇ ವಿಮಾನ ಕಂಪನಿಗಳ ಜಾಹೀರಾತು ಹೇಗಿತ್ತು ನೋಡಿ. ಆಗ ಅಮೆರಿಕದಲ್ಲಿ ಟಿಕೆಟ್ ದರ ಸರ್ಕಾರ ನಿಗದಿ ಮಾಡುತ್ತಿತ್ತು. ಬೆಲೆಯಲ್ಲಿ ಸ್ಪರ್ಧೆ ಮಾಡೋ ಹಾಗಿರಲಿಲ್ಲ, ಹಾಗಾಗಿ ಸ್ಪರ್ಧೆ ನಡೆದಿದ್ದು ಊಟದಲ್ಲಿ, ಸೀಟಿನಲ್ಲಿ, ಹುಡುಗಿಯರ ಸ್ಕರ್ಟಿನ ಉದ್ದದಲ್ಲಿ. 1971ರಲ್ಲಿ ನ್ಯಾಷನಲ್ ಏರ್‌ಲೈನ್ಸ್ ಜಾಹೀರಾತಿನಲ್ಲಿ ಗಗನಸಖಿಯೊಬ್ಬಳು ತನ್ನ ಹೆಸರು ಹೇಳಿ, ನನ್ನನ್ನು ಹಾರಿಸು ಅಂತ ಕರೆಯುತ್ತಿದ್ದಳು. ವಿಮಾನಕ್ಕೂ ಹುಡುಗಿಯ ಹೆಸರು. ಬೆಂಕಿ ಬಿದ್ದರೆ ನಿಮ್ಮನ್ನು ಹೊರಗೆ ತಳ್ಳುವವಳು ಈಕೆಯೇ ಅಂತ ಯಾವ ಜಾಹೀರಾತೂ ಹೇಳಲಿಲ್ಲ. ಹೇಳಿದರೆ ಬೆಂಕಿ ಬೀಳಬಹುದು ಅಂತ ಒಪ್ಪಿಕೊಂಡ ಹಾಗಲ್ವಾ?

ನಮ್ಮಲ್ಲೂ ಕಥೆ ಬೇರೆ ಇರಲಿಲ್ಲ. ಏರ್ ಇಂಡಿಯಾದ ಗಗನಸಖಿಯರು 35ಕ್ಕೆ ನಿವೃತ್ತರಾಗಬೇಕಿತ್ತು. ಕೆಲಸಕ್ಕೆ ಸೇರಿ ನಾಲ್ಕು ವರ್ಷದೊಳಗೆ ಮದುವೆಯಾದರೆ ಅಥವಾ ಮೊದಲ ಸಲ ಬಸುರಿಯಾದರೆ ಅದಕ್ಕೂ ಮುಂಚೆಯೇ ಮನೆಗೆ. ಅದೇ ವಿಮಾನದಲ್ಲಿ ಕೆಲಸ ಮಾಡುವ ಗಂಡು ಪರ್ಸರ್‌ಗಳ ನಿವೃತ್ತಿ ವಯಸ್ಸು 58. ನರ್ಗೇಶ್ ಮಿರ್ಜಾ ಮತ್ತು ಸಂಗಡಿಗರು ಕೋರ್ಟಿಗೆ ಹೋದರು. 1981ರಲ್ಲಿ ಸುಪ್ರೀಂ ಕೋರ್ಟ್ ಬಸಿರಿನ ಷರತ್ತನ್ನು ಕಿತ್ತುಹಾಕಿತು. ನಾಲ್ಕು ವರ್ಷದ ಮದುವೆ ಷರತ್ತನ್ನು ಮಾತ್ರ ಸರಿ ಅಂತ ಉಳಿಸಿತು. ಅನುಭವ ಹೆಚ್ಚಾದಷ್ಟೂ ಬೆಲೆ ಹೆಚ್ಚಬೇಕಾದ ಕೆಲಸ ಇದು. ಕಂಪನಿ ಅನುಭವಕ್ಕಿಂತ ಎಳೆತನಕ್ಕೆ ಬೆಲೆ ಕಟ್ಟಿತ್ತು.

1983ರಲ್ಲಿ ಅರ್ಲೀ ಹಾಕ್‌ಶೀಲ್ಡ್ ಅನ್ನೋ ಸಮಾಜಶಾಸ್ತ್ರಜ್ಞೆ 'ದಿ ಮ್ಯಾನೇಜ್ಡ್ ಹಾರ್ಟ್' ಅಂತ ಒಂದು ಪುಸ್ತಕ ಬರೆದರು. ಅಮೆರಿಕದ ಡೆಲ್ಟಾ ಏರ್‌ಲೈನ್ಸ್‌ನ ತರಬೇತಿ ಕೇಂದ್ರದಲ್ಲಿ ಕೂತು ನೋಡಿ ಬರೆದದ್ದು. ಹೊಸ ಹುಡುಗಿಯರಿಗೆ ಅಲ್ಲಿ ಕಲಿಸುತ್ತಿದ್ದ ಪಾಠ: ಕ್ಯಾಬಿನ್ ನಿಮ್ಮ ಮನೆಯ ಹಾಲು ಅಂದುಕೊಳ್ಳಿ, ಪ್ರಯಾಣಿಕ ನಿಮ್ಮ ಅತಿಥಿ ಅಂದುಕೊಳ್ಳಿ. ಮುಖದ ನಗುವಷ್ಟೇ ಸಾಲದು, ಅದು ಒಳಗಿನಿಂದ ಬರಬೇಕು. ಈ ದುಡಿಮೆಗೆ ಹಾಕ್‌ಶೀಲ್ಡ್ ಇಟ್ಟ ಹೆಸರು ಭಾವನಾತ್ಮಕ ದುಡಿಮೆ. ನಮ್ಮ ಐಟಿ ಕಂಪನಿಗಳ ಎಚ್‌ಆರ್ ಮಂದಿ ಇವತ್ತು ಆರಾಮಾಗಿ ಬಳಸುವ ಈ ಮಾತು ಹುಟ್ಟಿದ್ದು ವಿಮಾನದ ನಗುವಿನಿಂದ.

ಅತಿಥಿ ಅನ್ನೋ ಪದ ಬೆಂಗಳೂರಿಗೂ ಬಂತು. 2003ರಲ್ಲಿ ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದಾಗ ಅಲ್ಲಿ ನೀರಿಗೂ ದುಡ್ಡು, ಊಟಕ್ಕೂ ದುಡ್ಡು. ಅವರು ಮಾರಿದ್ದು ಆಕಾಶದ ಬಸ್ಸನ್ನು. ಎರಡೇ ವರ್ಷಕ್ಕೆ ವಿಜಯ್ ಮಲ್ಯ ಅವರ ಕಿಂಗ್‌ಫಿಶರ್ ಬಂತು, ಕೆಂಪು ಯೂನಿಫಾರಂ ಸಮೇತ. ಅಲ್ಲಿ ಪ್ರಯಾಣಿಕ ಅನ್ನೋ ಪದವೇ ಇರಲಿಲ್ಲ, ಎಲ್ಲರೂ ಗೆಸ್ಟು. ಮನೆಗೆ ಬಂದ ಅತಿಥಿಯ ಹಾಗೆ ನಿಮ್ಮನ್ನು ನೋಡಿಕೊಳ್ಳೋಕೆ ಹೇಳಿದ್ದೀನಿ ಅಂತ ಸೀಟಿನ ಮುಂದಿನ ಪರದೆಯಲ್ಲಿ ಖುದ್ದು ಮಾಲೀಕರೇ ಹೇಳುತ್ತಿದ್ದರು. ನನ್ನ ತಲೆಮಾರಿನ ಎಷ್ಟೋ ಜನ ಮೊದಲ ಸಲ ವಿಮಾನ ಹತ್ತಿದ್ದು ಈ ಎರಡರಲ್ಲಿ ಒಂದರಲ್ಲಿ. ಟಿಕೆಟ್ ಕೊಂಡಿದ್ದು ಡೆಕ್ಕನ್ ರೇಟಿಗೆ, ನಿರೀಕ್ಷೆ ಇಟ್ಟುಕೊಂಡಿದ್ದು ಕಿಂಗ್‌ಫಿಶರ್‌ದು. ಅತಿಥಿ ದೇವೋ ಭವ ಅಂತ ಕೇಳಿ ಬೆಳೆದವರು ನಾವು. ದೇವರಿಗೆ ಯಾರಾದರೂ ಬ್ಯಾಗ್ ಮೇಲಿಡು ಅಂತಾರಾ?

ಈಗ ಆ ನಿಯಮಗಳ ಕಡೆ ಬರೋಣ. ಮುಂದಿನ ಸಲ ವಿಮಾನದ ಟಾಯ್ಲೆಟ್ಟಿಗೆ ಹೋದಾಗ ಬಾಗಿಲ ಹತ್ತಿರ ನೋಡಿ. ಸಿಗರೇಟು ಸೇದಬಾರದು ಅನ್ನೋ ಬೋರ್ಡು ಇರುತ್ತೆ, ಪಕ್ಕದಲ್ಲೇ ಆ್ಯಶ್‌ಟ್ರೇಯೂ ಇರುತ್ತೆ. ತಮಾಷೆ ಅನ್ಸುತ್ತೆ ಅಲ್ವಾ? ಅದರ ಹಿಂದೆ 123 ಸಾವಿದೆ. 1973ರ ಜುಲೈ 11ರಂದು ರಿಯೋದಿಂದ ಪ್ಯಾರಿಸ್‌ಗೆ ಬರುತ್ತಿದ್ದ ವಾರಿಗ್ ಕಂಪನಿಯ ಬೋಯಿಂಗ್ 707ರ ಹಿಂಬದಿ ಟಾಯ್ಲೆಟ್ಟಿನಲ್ಲಿ ಬೆಂಕಿ ಹತ್ತಿತು. ಕಸದ ಡಬ್ಬಿಗೆ ಬಿದ್ದ ಸಿಗರೇಟು ಕಾರಣ ಇರಬಹುದು ಅನ್ನೋ ಅನುಮಾನ. ಪೈಲಟ್‌ಗಳು ಓರ್ಲಿ ನಿಲ್ದಾಣಕ್ಕೆ ಸ್ವಲ್ಪ ಮುಂಚೆಯೇ ಹೊಲವೊಂದರಲ್ಲಿ ವಿಮಾನ ಇಳಿಸಿದರು. ಆ ಹೊತ್ತಿಗೆ ಹೊಗೆ ತನ್ನ ಕೆಲಸ ಮುಗಿಸಿತ್ತು. 134 ಜನರಲ್ಲಿ ಉಳಿದವರು 11. ಆಮೇಲೆ ಟಾಯ್ಲೆಟ್ಟಿನಲ್ಲಿ ಸಿಗರೇಟು ನಿಷೇಧವಾಯ್ತು. ನಿಷೇಧಿಸಿದರೂ ಯಾರಾದರೂ ಸೇದೇ ಸೇದ್ತಾರೆ ಅಂತ ಮನುಷ್ಯ ಸ್ವಭಾವ ಗೊತ್ತಿದ್ದವರು ಆ್ಯಶ್‌ಟ್ರೇಯನ್ನೂ ಕಡ್ಡಾಯ ಮಾಡಿದರು. ಸೇದಿದವನು ಕೊನೆಗೆ ಅದನ್ನು ಕಾಗದದ ಡಬ್ಬಿಗಾದರೂ ಹಾಕದಿರಲಿ ಅಂತ.

ಸೀಟಿನಲ್ಲಿ ಕೂತು ಸೇದೋದು ಮಾತ್ರ ಮುಂದುವರಿಯಿತು. 1973ರಲ್ಲೇ ಅಮೆರಿಕದಲ್ಲಿ ಸೇದುವವರಿಗೂ ಸೇದದವರಿಗೂ ಪ್ರತ್ಯೇಕ ಸಾಲುಗಳು ಬಂದವು. ಹೊಗೆಗೆ ಸಾಲು ಸಂಖ್ಯೆ ಓದೋಕೆ ಬರುತ್ತಾ? ಅಲ್ಲಿಂದ ಶುರು ಜಗಳ. 1979ರಲ್ಲಿ ವಾಷಿಂಗ್ಟನ್–ನ್ಯೂಯಾರ್ಕ್ ನಡುವಿನ ವಿಮಾನವೊಂದು ಸಿಗರೇಟಿನ ಗಲಾಟೆಯಿಂದಾಗಿ ಬಾಲ್ಟಿಮೋರ್‌ನಲ್ಲಿ ಇಳಿಯಬೇಕಾಯ್ತು. ಜಗಳ ಬಿಡಿಸುವವರು ಇದೇ ಪರಿಚಾರಕಿಯರು. ಇಬ್ಬರ ಬೈಗುಳವೂ ಅವರಿಗೆ, ಹೊಗೆಯೂ ಅವರಿಗೆ. ಅಮೆರಿಕದಲ್ಲಿ 1988ರಲ್ಲಿ ಎರಡು ಗಂಟೆಯೊಳಗಿನ ಹಾರಾಟಗಳಿಗೆ, 1990ರಲ್ಲಿ ಹೆಚ್ಚುಕಡಿಮೆ ಎಲ್ಲ ದೇಶೀಯ ಹಾರಾಟಗಳಿಗೆ, 2000ದಲ್ಲಿ ಅಂತರರಾಷ್ಟ್ರೀಯ ಹಾರಾಟಗಳಿಗೂ ನಿಷೇಧ ಬಂತು. ಜೀವನದಲ್ಲಿ ಸಿಗರೇಟೇ ಮುಟ್ಟದ ಪರಿಚಾರಕಿಯರು ತಮಗೆ ಬಂದ ಕಾಯಿಲೆಗಾಗಿ 1991ರಲ್ಲಿ ತಂಬಾಕು ಕಂಪನಿಗಳ ಮೇಲೆ ಕೇಸು ಹಾಕಿದರು. 1997ರಲ್ಲಿ ಅದು 30 ಕೋಟಿ ಡಾಲರಿಗೆ ರಾಜಿಯಾಯ್ತು. ಇವತ್ತು ನಾವು ವಿಮಾನದಲ್ಲಿ ಉಸಿರಾಡುವ ಗಾಳಿ ಅವರು ಜಗಳ ಆಡಿ ಗಳಿಸಿದ್ದು.

ಇನ್ನು ನನ್ನ ಸೀಟಿನ ಕಥೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

1985ರ ಆಗಸ್ಟ್ 22, ಇಂಗ್ಲೆಂಡಿನ ಮ್ಯಾಂಚೆಸ್ಟರ್. ಗ್ರೀಸ್‌ನ ಕಾರ್ಫು ದ್ವೀಪಕ್ಕೆ ರಜೆಗೆ ಹೊರಟಿದ್ದ 137 ಜನರಿದ್ದ ಬೋಯಿಂಗ್ 737. ರನ್‌ವೇ ಮೇಲೆ ಓಡುವಾಗಲೇ ಎಂಜಿನ್ ಒಡೆದು, ರೆಕ್ಕೆಯ ಇಂಧನ ಟ್ಯಾಂಕು ತೂತಾಗಿ ಬೆಂಕಿ ಹತ್ತಿತು. ಪೈಲಟ್‌ಗಳು ಟೈರ್ ಸಿಡಿದಿದೆ ಅಂದುಕೊಂಡು ಟೇಕಾಫ್ ನಿಲ್ಲಿಸಿದರು. ವಿಮಾನ ನೆಲ ಬಿಟ್ಟೇ ಇರಲಿಲ್ಲ. ಅಗ್ನಿಶಾಮಕ ದಳ ಅದೇ ನಿಲ್ದಾಣದಲ್ಲಿತ್ತು. ಆದರೂ 55 ಜನ ಸತ್ತರು, ಹೆಚ್ಚಿನವರು ಹೊಗೆಯಿಂದ. ರೆಕ್ಕೆಯ ಮೇಲೆ ತೆರೆಯುವ ಎಕ್ಸಿಟ್ ಪಕ್ಕದಲ್ಲಿ ಕೂತಿದ್ದ ಪ್ರಯಾಣಿಕೆಗೆ ಬಾಗಿಲು ತೆಗೆಯೋದು ಹೇಗೆ ಅಂತ ತಕ್ಷಣ ಹೊಳೆಯಲಿಲ್ಲ. ತೆಗೆದಾಗ 20 ಕಿಲೋ ಮೀರಿದ ಆ ಬಾಗಿಲು ಒಳಕ್ಕೆ, ಆಕೆಯ ಮೇಲೇ ಬಿತ್ತು. ಅದನ್ನು ಎತ್ತಿ ಪಕ್ಕಕ್ಕೆ ಹಾಕಿ, ಇಕ್ಕಟ್ಟಾದ ಸೀಟುಗಳ ನಡುವೆ ಜನ ನುಸುಳಿ ಹೊರಬರಬೇಕಿತ್ತು. ಹಿಂಬದಿಯಲ್ಲಿದ್ದ ಇಬ್ಬರು ಪರಿಚಾರಕಿಯರೂ ಬದುಕಲಿಲ್ಲ.

ಈ ದುರಂತದ ನಂತರವೇ ಬ್ರಿಟನ್ನಿನಲ್ಲಿ ನಿಯಮ ಬಂತು: ರೆಕ್ಕೆಯ ಮೇಲಿನ ಎಕ್ಸಿಟ್ ಪಕ್ಕದ ಸಾಲಿನಲ್ಲಿ ಓಡಾಡುವಷ್ಟು ಜಾಗ ಬಿಡಬೇಕು. ಆಮೇಲೆ ಅಮೆರಿಕವೂ ಇಂಥದ್ದೇ ನಿಯಮ ಮಾಡಿತು. ಹಾಗೆ ಬಂದ ಜಾಗವನ್ನೇ ವಿಮಾನ ಕಂಪನಿಗಳು ಇವತ್ತು ಎಕ್ಸ್‌ಟ್ರಾ ಲೆಗ್‌ರೂಮ್ ಅಂತ ಮಾರುತ್ತಿರುವುದು. ಆರು ಗಂಟೆಯ ಫ್ಲೈಟಿನಲ್ಲಿ ನಾನು ದುಡ್ಡು ಕೊಟ್ಟು ಕೊಂಡಿದ್ದೆ ಅಂದುಕೊಂಡ ಜಾಗ ಅದು. ಅದು ನನ್ನ ಕಾಲಿಗೆ ಅಂತ ಇದ್ದದ್ದೇ ಅಲ್ಲ. ನನ್ನ ಹಿಂದೆ ಕೂತಿದ್ದವರು ಓಡೋಕೆ ಇದ್ದ ದಾರಿ. ಅದರ ಮಧ್ಯೆ ನಾನು ಒಂದು ಬ್ಯಾಗ್ ಇಟ್ಟು, ಯಾರಿಗೂ ತೊಂದರೆ ಇಲ್ಲ ಅಂದಿದ್ದೆ.

ಹೊಸ ಮಾದರಿಯ ವಿಮಾನಕ್ಕೆ ಅನುಮತಿ ಸಿಗಬೇಕಾದರೆ ಅರ್ಧದಷ್ಟು ಬಾಗಿಲು ಮುಚ್ಚಿಟ್ಟು, ತುಂಬಿದ ವಿಮಾನವನ್ನು 90 ಸೆಕೆಂಡಿನಲ್ಲಿ ಖಾಲಿ ಮಾಡಿ ತೋರಿಸಬೇಕು. ಆಕೆ ಹೇಳುವ ಒಂದೊಂದು ಮಾತೂ ಈ ಲೆಕ್ಕದ್ದು. ಸೀಟು ನೆಟ್ಟಗೆ ಮಾಡಿ ಅನ್ನೋದು ಹಿಂದಿನವರು ಹೊರಬರಲಿ ಅಂತ. ಕಿಟಕಿಯ ಶೇಡ್ ಎತ್ತಿ ಅನ್ನೋದು ಯಾವ ಕಡೆ ಬೆಂಕಿ ಇದೆ ಅಂತ ಕಾಣಲಿ ಅಂತ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಇಳಿಯುತ್ತಲೇ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಉರಿಯಿತು. ಒಳಗಿದ್ದ 379 ಜನರೂ ಬದುಕಿ ಹೊರಬಂದರು, ಬ್ಯಾಗುಗಳನ್ನು ಬಿಟ್ಟು. ಎಲ್ಲ ಕಡೆ ಅಷ್ಟು ಸಮಯ ಸಿಗೋದಿಲ್ಲ. 2010ರ ಮೇ 22ರಂದು ನಮ್ಮ ಮಂಗಳೂರಿನ ಬಜ್ಪೆಯಲ್ಲಿ ದುಬೈ ವಿಮಾನ ಕಣಿವೆಗೆ ಬಿದ್ದಾಗ 166 ಜನರಲ್ಲಿ ಉಳಿದವರು 8. ಅವರು ಬಂದದ್ದು ಒಡೆದ ವಿಮಾನದ ಬಿರುಕಿನಿಂದ. ಆರು ಸಿಬ್ಬಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಹಾಗಂತ ಸಿಬ್ಬಂದಿ ಹೇಳಿದ್ದೆಲ್ಲ ವೇದವಾಕ್ಯವಾ? ಅಲ್ಲ. ಇತಿಹಾಸದಲ್ಲಿ ಇನ್ನೊಂದು ಪುಟವೂ ಇದೆ.

2011ರ ಡಿಸೆಂಬರಿನಲ್ಲಿ ಹಾಲಿವುಡ್ ನಟ ಅಲೆಕ್ ಬಾಲ್ಡ್‌ವಿನ್ ಅವರನ್ನು ಲಾಸ್ ಏಂಜಲೀಸ್‌ನಲ್ಲಿ ವಿಮಾನದಿಂದ ಇಳಿಸಲಾಯ್ತು. ಫೋನಿನಲ್ಲಿ ಪದಗಳ ಆಟ ಆಡುತ್ತಿದ್ದವರು ಆಫ್ ಮಾಡಲು ಒಪ್ಪಲಿಲ್ಲ. ಎರಡೇ ವರ್ಷಕ್ಕೆ, 2013ರಲ್ಲಿ, ಅಮೆರಿಕದ ನಿಯಂತ್ರಕರು ಫ್ಲೈಟ್ ಮೋಡ್‌ನಲ್ಲಿ ಫೋನ್ ಬಳಸಬಹುದು ಅಂದರು. 2014ರಲ್ಲಿ ನಮ್ಮ ಡಿಜಿಸಿಎ ಕೂಡ ಅಂತು. ನೋಡಿದ್ರಾ, ಸುಮ್ಮನೆ ಬೈಸಿಕೊಂಡಿದ್ದು ಅಂತ ಎಷ್ಟೋ ಜನಕ್ಕೆ ಅನ್ನಿಸಿತು. ಎಲ್ಲ ನಿಯಮದ ಹಿಂದೆಯೂ ಹೆಣ ಇರಲ್ಲ, ಕೆಲವು ಬರೀ ಮುನ್ನೆಚ್ಚರಿಕೆ. ಆದರೆ ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದಾಗ ಕೇಳುವವನಿಗೆ ವ್ಯತ್ಯಾಸ ತಿಳಿಯಲ್ಲ.

2017ರ ಏಪ್ರಿಲ್ 9ರಂದು ಶಿಕಾಗೋದಲ್ಲಿ ಆದದ್ದು ಇನ್ನೂ ಕೆಟ್ಟದ್ದು. ತನ್ನದೇ ನಾಲ್ವರು ನೌಕರರಿಗೆ ಜಾಗ ಬೇಕು ಅಂತ ಯುನೈಟೆಡ್ ಕಂಪನಿ ಸೀಟಿನಲ್ಲಿ ಕೂತಿದ್ದ ಪ್ರಯಾಣಿಕರನ್ನು ಇಳಿಯಲು ಹೇಳಿತು. ಒಪ್ಪದ ಹಿರಿಯ ವೈದ್ಯರೊಬ್ಬರನ್ನು ನಿಲ್ದಾಣದ ಭದ್ರತಾ ಸಿಬ್ಬಂದಿ ಮುಖದಲ್ಲಿ ರಕ್ತ ಸುರಿಯುವಂತೆ ಎಳೆದೊಯ್ದರು. ವಿಡಿಯೋ ಜಗತ್ತೆಲ್ಲ ನೋಡಿತು. ಅಲ್ಲಿ ಯಾರ ಸುರಕ್ಷತೆಗೂ ಧಕ್ಕೆ ಇರಲಿಲ್ಲ. ಸುರಕ್ಷತೆಗೆ ಅಂತ ಕೊಟ್ಟ ಅಧಿಕಾರವನ್ನು ಕಂಪನಿ ತನ್ನ ಸೀಟಿನ ಲೆಕ್ಕ ಸರಿಮಾಡಿಕೊಳ್ಳೋಕೆ ಬಳಸಿತು.

ಮಾಲೀಕರ ಮುಂದೆ ಅದೇ ಅಧಿಕಾರ ಎಷ್ಟು ತೆಳು ಅನ್ನೋದಕ್ಕೂ ಉದಾಹರಣೆ ಇದೆ. 2014ರ ಡಿಸೆಂಬರ್ 5ರಂದು ನ್ಯೂಯಾರ್ಕ್‌ನಲ್ಲಿ ಕೊರಿಯನ್ ಏರ್ ವಿಮಾನ ರನ್‌ವೇ ಕಡೆ ಹೊರಟಿತ್ತು. ಫಸ್ಟ್ ಕ್ಲಾಸಿನಲ್ಲಿದ್ದವರು ಅದೇ ಕಂಪನಿಯ ಅಧ್ಯಕ್ಷರ ಮಗಳು, ಕಂಪನಿಯ ಉಪಾಧ್ಯಕ್ಷೆ ಚೋ ಹ್ಯುನ್-ಆ. ಮಕಡೇಮಿಯಾ ಬೀಜವನ್ನು ತಟ್ಟೆಯಲ್ಲಿ ಕೊಡದೆ ಪೊಟ್ಟಣದಲ್ಲೇ ಕೊಟ್ಟರು ಅಂತ ಸಿಟ್ಟಾಗಿ, ವಿಮಾನವನ್ನು ವಾಪಸು ತಿರುಗಿಸಿ ಮುಖ್ಯ ಪರಿಚಾರಕ ಪಾರ್ಕ್ ಚಾಂಗ್-ಜಿನ್ ಅವರನ್ನು ಕೆಳಗಿಳಿಸಿದರು. ಪಾರ್ಕ್ ಸುಮ್ಮನಿರಲಿಲ್ಲ, ಟಿವಿಯ ಮುಂದೆ ಎಲ್ಲ ಹೇಳಿದರು. ಚೋ ಜೈಲು ಕಂಡು, ಕೆಲವು ತಿಂಗಳ ನಂತರ ಮೇಲ್ಮನವಿಯಲ್ಲಿ ಹೊರಬಂದರು. ಜಗತ್ತು ನಕ್ಕಿತು. ನನಗೆ ಮಾತ್ರ ಈ ಕಥೆ ಓದುವಾಗ ನಗು ಬರಲ್ಲ. ಬೀಜದ ಪೊಟ್ಟಣಕ್ಕೂ ಲ್ಯಾಪ್‌ಟಾಪ್ ಬ್ಯಾಗಿಗೂ ಎಷ್ಟು ದೂರ?

ಹಾಗಾದರೆ ಪ್ರಯಾಣಿಕನಿಗೆ ಗೊತ್ತಾಗೋದು ಹೇಗೆ? ಈಕೆ ಈಗ ಮಾತಾಡುತ್ತಿರುವುದು ಬಡಿಸುವವಳಾಗಿಯೋ, ಕಮಾಂಡರ್ ಪರವಾಗಿಯೋ, ಕಂಪನಿಯ ಲಾಭದ ಪರವಾಗಿಯೋ? ಯೂನಿಫಾರಂ ಒಂದೇ, ನಗು ಒಂದೇ. ನನಗೆ ಕಾಣುವಂತೆ ಇಷ್ಟೂ ವರ್ಷದ ಜಗಳದ ಬೇರು ಇಲ್ಲಿದೆ. ಕಂಪನಿಗಳು ಲಾಭಕ್ಕಾಗಿ ಈ ಮೂರನ್ನೂ ಒಂದೇ ಮುಖದ ಮೇಲೆ ಹಚ್ಚಿದವು. ಗೊಂದಲದ ಬೆಲೆ ಕಟ್ಟುತ್ತಿರುವುದು ಆ ಮುಖದ ಹಿಂದಿರುವವರು. 2021ರಲ್ಲಿ ಅಮೆರಿಕದಲ್ಲಿ ಪ್ರಯಾಣಿಕರ ಪುಂಡಾಟದ ಸುಮಾರು 6 ಸಾವಿರ ದೂರು ಬಂದವು. ಅದರಲ್ಲಿ 4 ಸಾವಿರಕ್ಕೂ ಹೆಚ್ಚು ಮಾಸ್ಕ್ ಹಾಕಿ ಅಂದದ್ದಕ್ಕೆ. ನಮ್ಮಲ್ಲಿ 2017ರಲ್ಲಿ, ಸಂಸದರೊಬ್ಬರು ವಿಮಾನ ಸಿಬ್ಬಂದಿಗೆ ಚಪ್ಪಲಿಯಲ್ಲಿ ಹೊಡೆದ ಪ್ರಕರಣದ ನಂತರ, ಡಿಜಿಸಿಎ ನೋ-ಫ್ಲೈ ಪಟ್ಟಿಯ ನಿಯಮ ಮಾಡಿತು. ಬಾಯಿಮಾತಿನ ಗಲಾಟೆಗೆ 3 ತಿಂಗಳವರೆಗೆ, ಮೈಮುಟ್ಟಿದರೆ 6 ತಿಂಗಳವರೆಗೆ, ಜೀವಕ್ಕೆ ಅಪಾಯ ತಂದರೆ ಕನಿಷ್ಠ 2 ವರ್ಷ ಹಾರುವಂತಿಲ್ಲ. 2022ರ ಡಿಸೆಂಬರಿನಲ್ಲಿ ಇಸ್ತಾಂಬುಲ್–ದೆಹಲಿ ವಿಮಾನದಲ್ಲಿ ಊಟದ ವಿಚಾರಕ್ಕೆ ಜಗಳವಾಗಿ, ನಾನು ನಿಮ್ಮ ಸೇವಕಿಯಲ್ಲ, ಇಲ್ಲಿನ ಉದ್ಯೋಗಿ ಅಂತ ಪರಿಚಾರಕಿಯೊಬ್ಬರು ಹೇಳಿದ ವಿಡಿಯೋ ನಿಮ್ಮ ವಾಟ್ಸಾಪಿಗೂ ಬಂದಿರುತ್ತೆ. ಅದನ್ನು ನೋಡಿ ಅರ್ಧ ಜನ ಚಪ್ಪಾಳೆ ತಟ್ಟಿದರು, ಅರ್ಧ ಜನ ಎಷ್ಟು ಕೊಬ್ಬು ಅಂದರು. ಏಳೆಂಟು ವರ್ಷದ ಹಿಂದೆ ನಾನು ಎರಡನೇ ಗುಂಪಿನಲ್ಲಿರುತ್ತಿದ್ದೆ.

1986ರ ಸೆಪ್ಟೆಂಬರ್ 5ರಂದು ಕರಾಚಿಯಲ್ಲಿ ಪ್ಯಾನ್ ಆ್ಯಮ್ ವಿಮಾನಕ್ಕೆ ಬಂದೂಕುಧಾರಿಗಳು ನುಗ್ಗಿದಾಗ ನೀರಜಾ ಭಾನೋಟ್ ಕಾಕ್‌ಪಿಟ್‌ಗೆ ಸುದ್ದಿ ಮುಟ್ಟಿಸಿದರು. ವಿಮಾನ ಹಾರದಿರಲಿ ಅಂತ ಪೈಲಟ್‌ಗಳು ಮೇಲಿನ ಕಿಂಡಿಯಿಂದ ಹೊರಗೆ ಹೋದರು. ಆಮೇಲೆ ಗಂಟೆಗಟ್ಟಲೆ ಆ ವಿಮಾನವನ್ನು ನಿಭಾಯಿಸಿದ್ದು ಕ್ಯಾಬಿನ್ ಸಿಬ್ಬಂದಿ. ನೀರಜಾ ಪ್ರಯಾಣಿಕರನ್ನು ಉಳಿಸುತ್ತ ಗುಂಡಿಗೆ ಬಲಿಯಾದರು, 23 ತುಂಬೋಕೆ ಎರಡು ದಿನ ಇತ್ತು. ಅವರಿಗೆ ಅಶೋಕ ಚಕ್ರ ಬಂತು. ನಾವೆಲ್ಲ ಹೆಮ್ಮೆಪಡುತ್ತೇವೆ, ಸಿನಿಮಾ ನೋಡಿ ಅಳುತ್ತೇವೆ. ಆದರೆ ನೀರಜಾ ಕೂಡ ದಿನವೂ ಯಾರಿಗೋ ಬೆಲ್ಟ್ ಹಾಕಿ, ಬ್ಯಾಗ್ ಮೇಲಿಡಿ ಅಂತ ಹೇಳುತ್ತಿದ್ದಿರಬೇಕು. ಅವರ ಹತ್ತಿರವೂ ನನ್ನಂಥ ಯಾರೋ ವಾದ ಮಾಡಿರಬೇಕು.

ಕಳೆದ ವರ್ಷ ಮ್ಯಾಂಚೆಸ್ಟರ್ ಕಥೆ ಓದಿದ ಮೇಲೆ, ನನ್ನ ಹಳೆಯ ಇಮೇಲ್ ಹುಡುಕಿ ತೆಗೆದೆ. ಅದರಲ್ಲಿ ಆಕೆಯ ಹೆಸರಿತ್ತು. ಅದಕ್ಕೇ ಉತ್ತರವಾಗಿ ಕಸ್ಟಮರ್ ಕೇರ್‌ಗೆ ಬರೆದೆ: ಅವತ್ತು ತಪ್ಪು ನನ್ನದು, ಆಕೆ ಮಾಡಿದ್ದು ಸರಿ, ಆಕೆಯ ಫೈಲಿನಲ್ಲಿ ನನ್ನ ದೂರು ಇದ್ದರೆ ದಯವಿಟ್ಟು ತೆಗೆದುಹಾಕಿ, ಆಕೆ ಇನ್ನೂ ಅಲ್ಲೇ ಇದ್ದರೆ ನನ್ನ ಕ್ಷಮೆ ತಿಳಿಸಿ.

ಎರಡು ನಿಮಿಷದಲ್ಲಿ ಉತ್ತರ ಬಂತು. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ನಿಮ್ಮ ದೂರು ದಾಖಲಾಗಿದೆ, ಸಂಬಂಧಪಟ್ಟ ಸಿಬ್ಬಂದಿಯ ಜೊತೆ ಮಾತಾಡುತ್ತೇವೆ.